ಬೇಕಲ ಕೋಟೆ ಪ್ರಬಂಧ ಮೊದಲ ಸುತ್ತಲ್ಲೇ ಬಿದ್ದದ್ದಕ್ಕೆ

ಕಾಸರಗೋಡಿನ ಬೇಕಲ ಕೋಟೆಯ ಬಗ್ಗೆ ನಿಮ್ಮ ಮಗಳು ಬರೆದ ಪ್ರಬಂಧ ಸ್ಪರ್ಧೆಯ ಮೊದಲ ಸುತ್ತಲ್ಲೇ ಬಿದ್ದದ್ದು ಬಹುಶಃ ಭಾಷೆಯಿಂದಲ್ಲ. ಆ ಕೋಟೆ ಕಟ್ಟಿಸಿದ ಕೆಳದಿಯ ಅರಸ ಶಿವಪ್ಪ ನಾಯಕನ ವಿಷಯ ಎಲ್ಲ ಮಕ್ಕಳೂ ಬರೆಯುತ್ತಾರೆ. ಅವಳೇ ಹುಡುಕಿದ್ದು ಅದರಲ್ಲಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಹೀಗೇ ಆಗಿತ್ತು.

ಮುಂದಿನ ಸಲ ಮೊದಲು ವಿಷಯ ಕಿರಿದು ಮಾಡಿ, ಉದಾಹರಣೆಗೆ: 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಿಮ್ಮೂರಿನ ಕನ್ನಡ ಶಾಲೆಯಲ್ಲಿ ಏನು ಬದಲಾಯಿತು? ಆಮೇಲೆ ಆ ಕಾಲ ಕಂಡ ಅಜ್ಜ, ಅಜ್ಜಿಯರನ್ನು ಮಾತಾಡಿಸಲಿ. ವಯಸ್ಸು, ಮಾತಾಡಿದ ದಿನ, ಅವರದೇ ಮಾತು ಬರೆದುಕೊಳ್ಳಲಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಅದೇ ಅದರ ಜೀವ. ನೆನಪಿನಲ್ಲಿ ಇಸವಿ ಜಾರುತ್ತದೆ, ಹಾಗಾಗಿ ಶಾಲೆಯ ಹಳೇ ದಾಖಲಾತಿ ಪುಸ್ತಕ, ಮನೆಯ ಆಸ್ತಿ ಕಾಗದಗಳೊಂದಿಗೆ ಹೋಲಿಸಲಿ. ಹೊಂದದಿದ್ದರೆ ಎರಡನ್ನೂ ಬರೆಯಲಿ, ಮುಚ್ಚಿಡುವುದು ಬೇಡ.

ದಾಖಲಾತಿ ಪುಸ್ತಕ ನೋಡಲು ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ವಾರವೇ ಅರ್ಜಿ ಕೊಡಿ, ಅನುಮತಿಗೆ ದಿನ ಹಿಡಿಯಬಹುದು.