ಎಲೆಕ್ಟ್ರಿಕ್ ಪಿಕಪ್ ತಗೊಳ್ಳುವ ಮೊದಲು ಘಾಟಿ ಲೆಕ್ಕ ಹಾಕಿ

ಸಕಲೇಶಪುರ ಕಡೆಯ ಹಾನುಬಾಳಿನ ಗೌಡ್ರೇ, ನೀವು ಕೇಳಿದ್ದು ಮೂರು ಪ್ರಶ್ನೆ. ಹಳೇ ಡೀಸೆಲ್ ಪಿಕಪ್ ಕೊಟ್ಟು ತೋಟಕ್ಕೆ ಎಲೆಕ್ಟ್ರಿಕ್ ತಗೊಳ್ಳಬಹುದಾ? ಅದರಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರಬಹುದಾ? ಬೆಂಗಳೂರಿನ ಮಗಳ ಮನೆಗೂ ಅದೇ ಗಾಡಿ ಸಾಕಾ? ನಮ್ಮ ತೋಟ ಚಿಕ್ಕಮಗಳೂರಿನ ಗಿರಿ ಕಡೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಕೊಯ್ಲನ್ನೂ ಮಳೆಗಾಲವನ್ನೂ ಕಳೆದಿದ್ದೇನೆ. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಆದರೆ ಹಳೇ ಗಾಡಿಯನ್ನು ಈಗಲೇ ಕೊಡಬೇಡಿ. ಎರಡನೆಯದು ಆಗುತ್ತದೆ, ಪುರುಸೊತ್ತು ಇದ್ದರೆ. ಮೂರನೆಯದು ಬೇಡ.

ಮೊದಲು ನಿಮ್ಮ ಮಗ ತೋರಿಸಿದ ಅಮೆರಿಕದ ಎಲೆಕ್ಟ್ರಿಕ್ ಪಿಕಪ್ ವಿಡಿಯೋ ವಿಷಯ. ಅದರಲ್ಲಿರುವುದು ಫೋರ್ಡ್ ಎಫ್-150 ಲೈಟ್ನಿಂಗ್. ಅದು ಇಲ್ಲಿ ಮಾರಾಟಕ್ಕೇ ಇಲ್ಲ. ಅದರ ದೊಡ್ಡ ಬ್ಯಾಟರಿ 131 ಯೂನಿಟ್‌ನದು, ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ ಅದೇ ಯೂನಿಟ್. ನಮ್ಮಲ್ಲಿ ಸಿಗುವ ಟಾಟಾ ಏಸ್ ಇವಿಯದು 21.3 ಯೂನಿಟ್, ಅಂದರೆ ಆರರಲ್ಲಿ ಒಂದು ಪಾಲು. ಗಾಡಿಯಿಂದಲೇ ಮನೆಗೆ ಕರೆಂಟ್ ಕೊಡುವುದು, ಹಿಂದೆ ಟ್ರೇಲರ್ ಕಟ್ಟಿ ರಾಜ್ಯದಿಂದ ರಾಜ್ಯಕ್ಕೆ ಓಡುವುದು ಎಲ್ಲ ಆ ದೊಡ್ಡ ಬ್ಯಾಟರಿಯ ಆಟ. ಅಲ್ಲೂ ಭಾರದ ಟ್ರೇಲರ್ ಎಳೆದರೆ ಓಟ ಅರ್ಧಕ್ಕೆ ಇಳಿಯುತ್ತದೆ. ಗಾಡಿಯಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವ ಆಸೆ ನನಗೂ ಇದೆ ಬಿಡಿ.

ಇಲ್ಲಿ ನೋಡಬೇಕಾದದ್ದು ಏಸ್ ಇವಿ, ಮಹೀಂದ್ರಾ ಝಿಯೋ ಥರದ ಚಿಕ್ಕ ಗಾಡಿಗಳು. 2022ರಲ್ಲಿ ಬಂದ ಏಸ್ ಇವಿ 600 ಕೆ.ಜಿ. ಹೊರುತ್ತದೆ. ಅಂದರೆ 50 ಕೆ.ಜಿ.ಯ ಹನ್ನೆರಡು ಮೂಟೆ. 2024ರಲ್ಲಿ ಬಂದ ಏಸ್ ಇವಿ 1000 ಒಂದು ಟನ್ ಹೊರುತ್ತದೆ. ಕಾಫಿ ತೋಟಕ್ಕೆ ಎರಡನೆಯದೇ ಸರಿ. ಕೊಯ್ಲಿನ ಹೊತ್ತಲ್ಲಿ ಹನ್ನೆರಡು ಮೂಟೆಗೆ ಯಾರೂ ನಿಲ್ಲಿಸುವುದಿಲ್ಲ, ಅಲ್ವಾ? ಇನ್ನೊಂದು ಮಾತು: ಇವುಗಳಲ್ಲಿ ಫೋರ್ ವೀಲ್ ಡ್ರೈವ್ ಇಲ್ಲ. ಜುಲೈ ತಿಂಗಳ ಕೆಸರಲ್ಲಿ ತೋಟದೊಳಗಿನ ಏರಿಗೆ ಜೀಪೇ ಬೇಕು. ಪಿಕಪ್ ಇರುವುದು ಕಣದಿಂದ ಟಾರ್ ರಸ್ತೆಗೆ, ಅಲ್ಲಿಂದ ಕಾಫಿ ಹೊಟ್ಟು ಬಿಡಿಸುವ ಕ್ಯೂರಿಂಗ್‌ಗೆ.

ಈಗ ಓಟದ ಲೆಕ್ಕ. 600 ಕೆ.ಜಿ.ಯ ಏಸ್ ಇವಿಗೆ ಕಂಪನಿ ಹೇಳುವುದು 154 ಕಿ.ಮೀ. ಅದು ಪರೀಕ್ಷೆಯ ಲೆಕ್ಕ. ಮಲೆನಾಡಿನ ರಸ್ತೆಯಲ್ಲಿ ಲೋಡ್ ಹಾಕಿ 110 ಅಂತ ಹಿಡಿಯಿರಿ. ಅಂದರೆ ಕಿ.ಮೀ.ಗೆ ಸುಮಾರು 0.19 ಯೂನಿಟ್. ಇದು ಏರಿಳಿತ ಕಡಿಮೆ ಇರುವ ಕಡೆಗೆ. ಘಾಟಿಗೆ ಬೇರೆ ಲೆಕ್ಕ. ಘಾಟಿ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಹೆಚ್ಚುಕಮ್ಮಿ 800 ಮೀಟರ್ ಏರಬೇಕು. ಲೋಡ್ ಸೇರಿ 1,800 ಕೆ.ಜಿ. ಇರುವ ಗಾಡಿಯನ್ನು ಅಷ್ಟು ಎತ್ತಲು ಸುಮಾರು 4 ಯೂನಿಟ್ ಬೇಕು. ಮೋಟರ್‌ನಲ್ಲಿ ಸೋರಿಹೋಗುವುದನ್ನು ಸೇರಿಸಿದರೆ 5. ಇದು ದೂರದ ಖರ್ಚಿನ ಮೇಲೆ ಬೀಳುವ ಖರ್ಚು. ಗುಂಡ್ಯದಿಂದ ಸಕಲೇಶಪುರ ಸುಮಾರು 40 ಕಿ.ಮೀ. ದೂರಕ್ಕೆ 7.6, ಏರಿಗೆ 5, ಒಟ್ಟು 12.6 ಯೂನಿಟ್. ಬ್ಯಾಟರಿಯ 60 ಪರ್ಸೆಂಟ್ ಅಲ್ಲೇ ಖಾಲಿ. ಆಮೇಲೆ ನಿಮಗೆ ಹಾನುಬಾಳಿಗೂ ಹೋಗಬೇಕು. ಹಾಗಾಗಿ ಗುಂಡ್ಯ ದಾಟುವಾಗ 85 ಪರ್ಸೆಂಟ್ ಇಲ್ಲದಿದ್ದರೆ ಘಾಟಿ ಹತ್ತಬೇಡಿ.

ಇಳಿಯುವಾಗ ಖುಷಿ. ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಘಾಟಿ ಮೇಲಿನ ಮಾರನಹಳ್ಳಿಯಿಂದ ಕೆಳಗೆ ಬ್ಯಾಟರಿ ಮೀಟರ್ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಬ್ರೇಕ್ ಕಾಯುವ ವಾಸನೆಯೂ ಇಲ್ಲ. ಆದರೆ ತೋಟ ಗುಡ್ಡದ ಮೇಲೆ ಇರುವವರು ಇದನ್ನು ನೆನಪಿಡಿ: ರಾತ್ರಿ 100 ಪರ್ಸೆಂಟ್ ತುಂಬಿಸಿ ಬೆಳಗ್ಗೆ ಲೋಡ್ ಹಾಕಿ ಇಳಿಜಾರಿಗೆ ಬಿಟ್ಟರೆ ವಾಪಸ್ ಬರುವ ಕರೆಂಟ್‌ಗೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ಮೋಟರ್ ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. ನಾನು 85ಕ್ಕೆ ನಿಲ್ಲಿಸುತ್ತೇನೆ. ನಮ್ಮ ಗಿರಿ ಕಡೆಯವರಿಗೆ ಇದರಲ್ಲೊಂದು ಲಾಭವೂ ಇದೆ. ಕಾಫಿ ಲೋಡ್ ಹೋಗುವುದು ಇಳಿಜಾರಲ್ಲಿ, ಗಾಡಿ ಏರುವುದು ಖಾಲಿ. ಗೊಬ್ಬರ ತರುವ ದಿನ ಮಾತ್ರ ಉಲ್ಟಾ. ನಿಮಗೆ ಹಾಸನದ ಕ್ಯೂರಿಂಗ್ ಹೆಚ್ಚುಕಮ್ಮಿ ಸಮ ಎತ್ತರ. ಆ ಕೆಲಸಕ್ಕೆ ಈ ಗಾಡಿ ಹೇಳಿ ಮಾಡಿಸಿದ್ದು.

ಮಂಗಳೂರು ಹಾಗಲ್ಲ. ಸಕಲೇಶಪುರದಿಂದ ಸುಮಾರು 130 ಕಿ.ಮೀ. ಘಾಟಿ ಪುಕ್ಕಟೆ ಇಳಿದರೂ ಕೆಳಗೆ 90 ಕಿ.ಮೀ. ಉಳಿಯುತ್ತದೆ. ಹೋಗುವಾಗ ಉಪ್ಪಿನಂಗಡಿಯಿಂದ ಬಿ.ಸಿ.ರೋಡ್‌ವರೆಗೆ ಎಲ್ಲಾದರೂ ಒಮ್ಮೆ ಚಾರ್ಜ್, ಮಂಗಳೂರಿನಲ್ಲಿ ಒಮ್ಮೆ, ವಾಪಸ್ ಬರುವಾಗ ಘಾಟಿಗೆ ಮೊದಲು ಮತ್ತೊಮ್ಮೆ. ಏಸ್ ಇವಿ ಫಾಸ್ಟ್ ಚಾರ್ಜರ್‌ನಲ್ಲೂ 10ರಿಂದ 80 ಪರ್ಸೆಂಟ್‌ಗೆ 105 ನಿಮಿಷ ತಗೊಳ್ಳುತ್ತದೆ. ಚಾರ್ಜರ್ ಮೇಲೆ 60 ಕಿಲೋವ್ಯಾಟ್ ಅಂತ ಬರೆದಿದ್ದರೂ ಗಾಡಿ ಎಷ್ಟು ಎಳೆಯುತ್ತದೋ ಅಷ್ಟೇ. ಮೂರು ಸಲ ನಿಂತರೆ ದಿನ ಕಳೆಯಿತು. ಮಂಗಳೂರಿನಿಂದ ಮೀನು ತರುವವರಿಗೆ ಇದು ಗಾಡಿಯಲ್ಲ.

ಆದರೂ ಹೋಗುತ್ತೀರಾ? ಪ್ರತಿ ನಿಲುಗಡೆಗೂ ಎರಡು ಚಾರ್ಜರ್ ಗುರುತು ಮಾಡಿಕೊಳ್ಳಿ. ಆ್ಯಪ್‌ನಲ್ಲಿ ಹಸಿರು ತೋರಿಸಿದರೂ ಅಲ್ಲಿ ಹೋದಾಗ ಕೆಟ್ಟು ನಿಂತಿರಬಹುದು. ಅದು ಇರುವ ಹೋಟೆಲ್‌ಗೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಆ್ಯಪ್‌ಗೆ ಮನೆಯಲ್ಲೇ ದುಡ್ಡು ಹಾಕಿಟ್ಟುಕೊಳ್ಳಿ, ಘಾಟಿ ಬುಡದಲ್ಲಿ ನೆಟ್‌ವರ್ಕ್ ನಂಬಬೇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ ಚಾರ್ಮಾಡಿ ಘಾಟಿ ಸುತ್ತಿ ಬರಬೇಕು. ಡೀಸೆಲ್ ಆದರೆ ಯಾರಾದರೂ ಬೈಕಲ್ಲಿ ಕ್ಯಾನ್ ತಂದುಕೊಡುತ್ತಾರೆ. ಕರೆಂಟ್ ಹಾಗೆ ತರಲಾಗುವುದಿಲ್ಲ.

ಬೆಂಗಳೂರು ಬೇಡ ಅಂದದ್ದಕ್ಕೆ ಕಾರಣ ದೂರ ಅಲ್ಲ. ಹಾಸನದಿಂದ 185 ಕಿ.ಮೀ., ಎತ್ತರವೂ ಹೆಚ್ಚುಕಮ್ಮಿ ಒಂದೇ, ದಾರಿಯಲ್ಲಿ ಹೋಟೆಲ್‌ಗಳ ಬಳಿ ಚಾರ್ಜರ್ ಇವೆ. ಆದರೆ ಏಸ್ ಇವಿ, ಝಿಯೋ ಎರಡರ ಗರಿಷ್ಠ ವೇಗವೇ ಗಂಟೆಗೆ 60 ಕಿ.ಮೀ. ನಾಲ್ಕು ಪಥದಲ್ಲಿ ಬಸ್ಸು ಲಾರಿಗಳು ಹಿಂದಿನಿಂದ ನುಗ್ಗಿ ಬರುವಾಗ ಅತ್ತೆ-ಮಾವನನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ಲ ಅದು. ಹಿಂದೆ ಜನ ಕೂರಿಸುವುದಂತೂ ಬೇಡ. ಗೂಡ್ಸ್ ಗಾಡಿಯಲ್ಲಿ ಜನ ಸಾಗಿಸುವಂತಿಲ್ಲ, ಏನಾದರೂ ಆದರೆ ಇನ್ಶೂರೆನ್ಸ್ ಕೈಕೊಡುತ್ತದೆ. ತೋಟದ ಕೆಲಸದವರಿಗೂ ಇದೇ ಮಾತು. ಹಾಸನದಿಂದ ರೈಲಿದೆ, ಮಗಳ ಮನೆಗೆ ಅದರಲ್ಲಿ ಹೋಗಿ.

ಖರ್ಚು ಹೇಳುತ್ತೇನೆ. ಬ್ಯಾಟರಿ ಪೂರ್ತಿ ತುಂಬಲು ಗೋಡೆಯಿಂದ ಸುಮಾರು 25 ಯೂನಿಟ್ ಎಳೆಯುತ್ತದೆ, ಚಾರ್ಜರ್ ಬಿಸಿಯಾಗಿ ಹೋಗುವುದೂ ಸೇರಿ. ಯೂನಿಟ್‌ಗೆ 7 ರೂ. ಹಿಡಿದರೆ 175 ರೂ.ಗೆ 110 ಕಿ.ಮೀ., ಅಂದರೆ ಕಿ.ಮೀ.ಗೆ 1.60. ಡೀಸೆಲ್ ಪಿಕಪ್ ಲೀಟರ್‌ಗೆ 13 ಕಿ.ಮೀ. ಕೊಟ್ಟು, ಲೀಟರ್ 90 ರೂ. ಇದ್ದರೆ ಕಿ.ಮೀ.ಗೆ ಸುಮಾರು 7. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ 20 ರೂ. ಆದರೆ ಕಿ.ಮೀ.ಗೆ 4 ರೂ. ದಾಟುತ್ತದೆ. ಉಳಿತಾಯ ಇರುವುದು ಮನೆಯ ಪ್ಲಗ್‌ನಲ್ಲಿ. ಆದರೆ ಗೃಹಜ್ಯೋತಿ ನೋಡಿಕೊಳ್ಳಿ. ಎಂಟು ಸಲ ಪೂರ್ತಿ ತುಂಬಿಸಿದರೆ 200 ಯೂನಿಟ್ ಆಯಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅದಕ್ಕೆ ಗಾಡಿಗೇ ಬೇರೆ ಮೀಟರ್ ತಗೊಳ್ಳಿ, ಅದರ ದರವೂ ಬೇರೆ. ಕರೆಂಟ್ ಕಂಪನಿ ನಮಗೆ ಮೆಸ್ಕಾಂ, ನಿಮಗೆ ಚಾಮುಂಡೇಶ್ವರಿ. ಪಂಪ್‌ಸೆಟ್ ಲೈನ್‌ನಿಂದ ಎಳೆಯುವ ಐಡಿಯಾ ಕೆಲವರು ಕೊಡುತ್ತಾರೆ. ಅದು ತಪ್ಪು, ದಂಡ ಬೀಳುತ್ತದೆ.

ನಮ್ಮ ಕಡೆ ಗಾಡಿಗಿಂತ ದೊಡ್ಡ ತಲೆನೋವು ಕರೆಂಟೇ. ಸಂಜೆ ಎಲ್ಲರ ಸ್ಪ್ರಿಂಕ್ಲರ್ ಓಡುವಾಗ ವೋಲ್ಟೇಜ್ ಬಿದ್ದು ಚಾರ್ಜರ್ ತಾನಾಗೇ ನಿಲ್ಲುತ್ತದೆ. ರಾತ್ರಿ ಹನ್ನೊಂದರ ಮೇಲೆ ಹಾಕಿ, ಏಳೆಂಟು ಗಂಟೆ ಬೇಕು. ಅಷ್ಟು ಹೊತ್ತು 15 ಆಂಪ್ ಎಳೆಯುವ ಪ್ಲಗ್‌ಗೆ 4 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್ ಹಾಕಿಸಿ. ಶೆಡ್ ದೂರ ಇದ್ದರೆ 6. ಲೋಡ್ ಜಾಸ್ತಿಯಾದರೆ ಕಟ್ ಆಗುವ ಎಂಸಿಬಿ ಜೊತೆಗೆ, ಕರೆಂಟ್ ಸೋರಿದರೆ ಕಟ್ ಆಗುವ ಆರ್‌ಸಿಸಿಬಿ ಕಡ್ಡಾಯ. ಅರ್ತಿಂಗ್ ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಮಾರ್ಚ್‌ನಲ್ಲಿ ಒಣಗಿ ಕೈಕೊಡುತ್ತದೆ, ಗುಂಡಿಗೆ ನೀರು ಹಾಕಿ. ಏಪ್ರಿಲ್ ಗುಡುಗಿಗೆ ಪ್ಲಗ್ ಕಿತ್ತಿಡಿ. ಆಷಾಢದ ಗಾಳಿಗೆ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಿಮಗೇನೂ ಹೊಸದಲ್ಲ. ಹಳೇ ಡೀಸೆಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕರೆಂಟ್ ಲೈನ್‌ಗೆ ಜೋಡಿಸಿದ ಚಾವಣಿಯ ಆನ್‌ಗ್ರಿಡ್ ಸೋಲಾರ್ ಕೂಡ ಲೈನ್ ಹೋದಾಗ ನಿಂತುಬಿಡುತ್ತದೆ. ಜನರೇಟರ್‌ನಿಂದ ಚಾರ್ಜ್ ಮಾಡಬಹುದು, ಆದರೆ ಅದರ ನ್ಯೂಟ್ರಲ್ ಅನ್ನು ಅರ್ತ್‌ಗೆ ಸೇರಿಸಿರದಿದ್ದರೆ ಎಷ್ಟೋ ಚಾರ್ಜರ್‌ಗಳು ಒಪ್ಪುವುದಿಲ್ಲ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಶೆಡ್‌ನಲ್ಲಿ ಇಲಿ ಇದ್ದರೆ ಮೊದಲು ಅದನ್ನು ನೋಡಿ. ಗಾಡಿ ಕೆಳಗಿನ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರ್ ಕಡಿದಿದ್ದರೆ ನೀವೂ ಮುಟ್ಟಬೇಡಿ, ಊರಿನ ಮೆಕ್ಯಾನಿಕ್‌ಗೂ ಬಿಡಬೇಡಿ.

ಶೋರೂಮಿನಲ್ಲಿ ಖಾಲಿ ಗಾಡಿ ಓಡಿಸಿ ಒಪ್ಪಬೇಡಿ. ಪೂರ್ತಿ ಲೋಡ್ ಹಾಕಿ ನಿಮ್ಮ ತೋಟದ ಗೇಟಿನ ಏರಿನಲ್ಲಿ ನಿಲ್ಲಿಸಿ, ಅಲ್ಲಿಂದ ಎತ್ತಿಸಿ ನೋಡಿ. ಫಾಸ್ಟ್ ಚಾರ್ಜ್ ಪಾಯಿಂಟ್ ನೀವು ತಗೊಳ್ಳುವ ಮಾಡೆಲ್‌ನಲ್ಲೇ ಇದೆಯಾ ಕೇಳಿ. ಕೆಟ್ಟು ನಿಂತರೆ ಹಾನುಬಾಳಿಗೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ನಮ್ಮ ಗಾಡಿ ನೋಡಬೇಕಿದ್ದರೆ ಕೊಯ್ಲು ಮುಗಿದ ಮೇಲೆ ಬನ್ನಿ ಗೌಡ್ರೇ, ಈಗ ಅದಕ್ಕೆ ಬಿಡುವಿಲ್ಲ.