ಸುತ್ತಲಿನ ಸದ್ದು ಹಿಡಿಯೋಕೆ ಕಡಿಮೆ ಬೆಲೆಯ ರೆಕಾರ್ಡರ್ ಆರಿಸುವುದು ಹೇಗೆ?

ರೆಕಾರ್ಡರ್‌ನ ಸ್ವಂತ ಗದ್ದಲ, ಅಂದರೆ ಹಿನ್ನೆಲೆಯಲ್ಲಿ ಕೇಳುವ 'ಸ್‌ಸ್' ಸದ್ದು, ಎಷ್ಟು ಕಡಿಮೆ ಇದೆ ಅನ್ನೋದನ್ನೇ ಮೊದಲು ನೋಡಿ. ಎಲೆ ಅಲುಗುವುದು, ದೂರದ ಹಕ್ಕಿ, ಪಕ್ಕದ ಕೋಣೆಯ ಪಾತ್ರೆ ಸದ್ದು ಎಲ್ಲ ತೀರಾ ಮೆಲ್ಲಗಿರುತ್ತವೆ ಅಲ್ವಾ? ಅವು ಕೇಳಿಸಬೇಕೆಂದರೆ ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಮಟ್ಟ, ಜಾಸ್ತಿ ಮಾಡಬೇಕು. ಆಗ ಮೈಕಿನ ಗದ್ದಲವೂ ಜೊತೆಗೇ ಏರುತ್ತದೆ. ಡಬ್ಬದ ಮೇಲೆ 96 ಕಿಲೋಹರ್ಟ್ಸ್, ಅಂದರೆ ಸದ್ದನ್ನು ಸೆಕೆಂಡಿಗೆ 96 ಸಾವಿರ ಸಲ ಅಳೆಯುತ್ತದೆ, ಅಂತಿದ್ದರೂ ಆ ಗದ್ದಲ ಹೋಗುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನೋದು) ಧಾರಾಳ ಸಾಕು.

ಕೊಳ್ಳುವ ಮುಂಚೆ ನಿಶ್ಶಬ್ದ ಕೋಣೆಯಲ್ಲಿ ಗೇನ್ ಏರಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. ಗೇನ್ ಕೈಯಿಂದ ಹೊಂದಿಸುವಂತಿರಲಿ, ವೇವ್ (WAV) ಫೈಲ್, ಅಂದರೆ ಸದ್ದನ್ನು ಕುಗ್ಗಿಸದೆ ಇಡುವ ಫೈಲ್, ಉಳಿಸುವಂತಿರಲಿ. ಹೊರಗೆ ಬಳಸುವುದಾದರೆ ಮೈಕಿಗೆ ತುಪ್ಪಳದ ಗಾಳಿಕವಚ ಬೇಕೇ ಬೇಕು. ತೆಳುಗಾಳಿ ಬಡಿದರೂ ರೆಕಾರ್ಡಿಂಗ್ ಗುಡುಗುಡು ಅನ್ನುತ್ತದೆ.