ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಯಾವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಶಿಡ್ಲಘಟ್ಟದಲ್ಲಿ ಮನೆಯ ಮಹಡಿ ರೂಮಿನಲ್ಲಿ ಭಜನೆ, ಜನಪದ ಹಾಡು ರೆಕಾರ್ಡ್ ಮಾಡಬೇಕು. ಎರಡು ಇನ್‌ಪುಟ್‌ನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ), ಸಣ್ಣ ಸದ್ದನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕ್ ಆಗಲೇ ಇದೆ. ಹೆಡ್‌ಫೋನಿಗೆ ಹತ್ತು ಸಾವಿರ ಎತ್ತಿಟ್ಟಿದ್ದೀರಿ. ಕನ್ನಡಕ ಹಾಕುತ್ತೀರಿ. ಮಿಕ್ಸಿಂಗ್ ಕೂಡ ಅದರಲ್ಲೇ ಮುಗಿಯುತ್ತಾ ಅಂತ ಕೇಳಿದ್ದೀರಿ.

ನಾನು ಪಕ್ಕದ ಚಿಂತಾಮಣಿಯವನು. ಅಂಗಡಿ ಮೇಲಿನ ಒಂದು ರೂಮಿನಲ್ಲಿ ಭಜನೆ ತಂಡಗಳ ಹಾಡು, ಊರ ಜಾತ್ರೆಯ ಆಟೋ ಪ್ರಚಾರ, ಮದುವೆ ವಿಡಿಯೋಗೆ ಮಾತು, ಇಂಥವೇ ರೆಕಾರ್ಡ್ ಮಾಡುತ್ತೇನೆ. ದೊಡ್ಡ ಸ್ಟುಡಿಯೋ ಅಲ್ಲ. ಆದರೆ ನಿಮ್ಮ ಕಷ್ಟ ಗೊತ್ತು.

ಮೊದಲು ನನ್ನ ಪೆದ್ದುತನದ ಕಥೆ ಹೇಳಿಬಿಡುತ್ತೇನೆ. ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಹೆಡ್‌ಫೋನ್, ಅದೂ ಓಪನ್ ಬ್ಯಾಕ್. ಹಾಡು ಕೇಳೋಕೆ ಸೊಗಸಾಗಿತ್ತು, ಅದಕ್ಕೆ ಹಾಡುವವರ ತಲೆಗೂ ಅದನ್ನೇ ಹಾಕುತ್ತಿದ್ದೆ. ಒಮ್ಮೆ ಕೈವಾರದ ಕಡೆಯ ಅಜ್ಜಿಯೊಬ್ಬರು ತತ್ವಪದ ಹಾಡಲು ಬಂದರು. ಗಟ್ಟಿ ಕಂಠ. ಕಿವಿ ಮಾತ್ರ ಸ್ವಲ್ಪ ಮಂದ, ಹಾಗಾಗಿ ವಾಲ್ಯೂಮ್ ಜಾಸ್ತಿ ಕೊಟ್ಟಿದ್ದೆ. ಆಮೇಲೆ ಕೇಳಿದರೆ, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಲೊಚ್, ಲೊಚ್ ಅಂತ ಸದ್ದು. ಹಲ್ಲಿ ಅಂದುಕೊಂಡೆ. ಟಾರ್ಚ್ ಹಿಡಿದು ಟ್ಯೂಬ್‌ಲೈಟ್ ಹಿಂದೆ, ದೇವರ ಫೋಟೋ ಹಿಂದೆ ಎಲ್ಲಾ ಹುಡುಕಿದೆ. "ಹಲ್ಲಿ ನುಡಿದ್ರೆ ಒಳ್ಳೇದೇ ಬಿಡಪ್ಪಾ, ಹಾಡಿದ್ದು ಸತ್ಯ ಅಂತ" ಅಂದರು ಅಜ್ಜಿ. ಎರಡನೇ ಟೇಕ್‌ನಲ್ಲೂ ಅದೇ ಹಲ್ಲಿ. ಸರಿಯಾಗಿ ತಾಳಕ್ಕೆ ನುಡಿಯುತ್ತಿತ್ತು. ಆಗ ಹೊಳೆಯಿತು, ಅದು ಹಲ್ಲಿಯಲ್ಲ, ತಾಳ ತಪ್ಪದಿರಲಿ ಅಂತ ಹೆಡ್‌ಫೋನಿನಲ್ಲಿ ಬಿಡುವ ಟಿಕ್ ಟಿಕ್ ಸದ್ದು, ಕ್ಲಿಕ್ ಟ್ರ್ಯಾಕ್. ಕಪ್‌ಗಳಿಂದ ಹೊರಗೆ ಬಂದು ಮೈಕಿಗೆ ಬೀಳುತ್ತಿತ್ತು.

ಕ್ಲೋಸ್ಡ್ ಬ್ಯಾಕ್ ಬೇಕಾಗುವುದು ಇದಕ್ಕೇ. ಓಪನ್ ಬ್ಯಾಕ್‌ನಲ್ಲಿ ಕಪ್ಪಿನ ಹಿಂಬದಿ ಜಾಲರಿ, ಒಳಗಿನ ಸದ್ದು ಹೊರಗೂ ಅಷ್ಟೇ ಹೋಗುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಹಿಂಬದಿ ಮುಚ್ಚಿರುತ್ತದೆ. ಆದರೆ ಹಿಂದೆ ಮುಚ್ಚಿದರೆ ಸಾಲದು, ಮುಂದೆ ಪ್ಯಾಡ್ ಕಿವಿಯ ಸುತ್ತ ಸರಿಯಾಗಿ ಕೂರಬೇಕು. ಅಲ್ಲಿ ಒಂದು ಎಳೆ ಸಂದು ಬಿಟ್ಟರೂ ಎರಡು ನಷ್ಟ. ಸದ್ದು ಹೊರಗೆ ಸೋರುತ್ತದೆ, ಒಳಗೆ ಬಾಸ್ ಹೋಗಿಬಿಡುತ್ತದೆ. ಎಷ್ಟೋ ಜನ ಹೆಡ್‌ಫೋನ್ ಸರಿಯಿಲ್ಲ, ಬಾಸೇ ಇಲ್ಲ ಅನ್ನುತ್ತಾರೆ. ನೋಡಿದರೆ ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದಿರುತ್ತದೆ.

ನಿಮಗೂ ಅದೇ ಆಗುತ್ತದೆ, ಈಗಲೇ ಹೇಳುತ್ತೇನೆ. ಕಡ್ಡಿ ತೆಳ್ಳಗಿರುವ ಕನ್ನಡಕವನ್ನು ರೆಕಾರ್ಡಿಂಗಿಗೆ ಅಂತಲೇ ಇಟ್ಟುಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಒಂದು ಹಾಡು ಬಿಡಿ, ಎರಡೂ ಕಪ್‌ಗಳನ್ನು ಕೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ತಕ್ಷಣ ಬಾಸ್ ಜಾಸ್ತಿಯಾದರೆ ಎಲ್ಲೋ ಸಂದು ಇದೆ ಅಂತಲೇ ಅರ್ಥ.

ನಮ್ಮ ಕಡೆ ಹಾಡುವವರ ತಲೆಯದ್ದು ಇನ್ನೊಂದು ಕಥೆ. ಹೆಡ್‌ಫೋನ್ ಕಂಪನಿಯವರು ಜುಮುಕಿಯನ್ನು ಲೆಕ್ಕಕ್ಕೆ ತಗೊಂಡಿರುವುದಿಲ್ಲ. ಓಲೆ, ಜುಮುಕಿ, ಮಲ್ಲಿಗೆ ಮುಡಿದ ತುರುಬು, ಗಂಡಸರಾದರೆ ತಲೆಗೆ ಸುತ್ತಿದ ಟವಲು. ಜುಮುಕಿ ಪ್ಯಾಡಿಗೆ ತಾಗಿ ಕಿಣಿಕಿಣಿ ಅನ್ನುವುದು ಕಂಡೆನ್ಸರ್ ಮೈಕಿಗೆ ಚೆನ್ನಾಗಿ ಕೇಳಿಸುತ್ತದೆ. ಜುಮುಕಿ ತೆಗೆಯಿರಿ ಅಂದರೆ ಹುಡುಗಿಯರು ತೆಗೆಯುತ್ತಾರೆ. ವಯಸ್ಸಾದ ಮುತ್ತೈದೆಯರಿಗೆ ಓಲೆ ತೆಗೆಯಿರಿ ಅಂತ ಹೇಳಲೇಬೇಡಿ, ಅವರು ಎದ್ದೇ ಹೋಗುತ್ತಾರೆ. ಕಿವಿಯನ್ನು ಪೂರ್ತಿ ಒಳಗೆ ಬಿಟ್ಟುಕೊಳ್ಳುವ ದೊಡ್ಡ, ಆಳದ ಕಪ್ ಇದ್ದರೆ ಓಲೆಯೂ ಅದರೊಳಗೇ ಕೂರುತ್ತದೆ. ಕಿವಿಯ ಮೇಲೆ ಒತ್ತಿ ಕೂರುವ ಚಿಕ್ಕ ಕಪ್ ಡಿಜೆಗಳಿಗೆ ಸರಿ, ಭಜನೆಯವರಿಗಲ್ಲ.

ತಲೆಗೆ ಹಾಕುವ ಎಣ್ಣೆಯ ವಿಷಯವನ್ನೂ ಹೇಳಬೇಕು. ರೆಕ್ಸಿನ್ ಥರದ ಪ್ಯಾಡಿಗೆ ಕೊಬ್ಬರಿ ಎಣ್ಣೆ, ಬೆವರು ಎರಡೂ ಆಗುವುದಿಲ್ಲ. ಬರುಬರುತ್ತಾ ಕರಿ ಸಿಪ್ಪೆ ಎದ್ದು ಹಾಡುವವರ ಕೆನ್ನೆಗೆ ಅಂಟಿಕೊಳ್ಳುತ್ತದೆ. ಒಬ್ಬ ಮೇಷ್ಟ್ರು ಅದನ್ನು ಅಂಟಿಸಿಕೊಂಡೇ ಬಸ್ ಹತ್ತಿ ಹೋಗಿದ್ದರು. ಪ್ರತಿ ಸಲ ಒಣ ಬಟ್ಟೆಯಲ್ಲಿ ಒರೆಸಿ. ಪ್ಯಾಡ್ ಬೇರೆಯಾಗಿ ಸಿಗುವ ಮಾಡೆಲ್ ಅನ್ನೇ ತಗೊಳ್ಳಿ.

ಈಗ ಮುಖ್ಯ ವಿಷಯ. ಹಾಡುವವರ ಹೆಡ್‌ಫೋನ್ ಬೇರೆ, ನಿಮ್ಮ ಹೆಡ್‌ಫೋನ್ ಬೇರೆ. ಹಾಡುವವರದ್ದು ಸದ್ದು ಹೊರಗೆ ಬಿಡಬಾರದು, ತಲೆಗೆ ಭಾರವಾಗಬಾರದು, ಕೆಳಗೆ ಬಿದ್ದರೂ ತಡೆಯಬೇಕು. ಅಷ್ಟಾದರೆ ಆಯಿತು. ನಿಮ್ಮದು ತಪ್ಪು ತೋರಿಸಬೇಕು. ಮೈಕಿಗೆ ಬಾಯಿಯ ಗಾಳಿ ಬಡಿದದ್ದು, ಫ್ಯಾನಿನ ಗುಂಯ್, ರಸ್ತೆಯಲ್ಲಿ ಟೊಮೇಟೊ ಲಾರಿ ಹೋದದ್ದು, ನಿಮ್ಮ ಊರಲ್ಲಾದರೆ ರೀಲಿಂಗ್ ಮೆಷಿನ್ನಿನ ಸದ್ದು, ಇವೆಲ್ಲ ಟೇಕ್ ನಡೆಯುವಾಗಲೇ ಕಿವಿಗೆ ಬೀಳಬೇಕು. ಒಂದೇ ಹೆಡ್‌ಫೋನಿನಲ್ಲಿ ಎರಡೂ ಕೆಲಸ ಆಗುತ್ತದೆ, ಆದರೆ ಒಂದೇ ಹೆಡ್‌ಫೋನನ್ನು ಇಬ್ಬರ ತಲೆಗೆ ಹಾಕೋಕಾಗಲ್ಲ ಅಲ್ವಾ. ಹತ್ತು ಸಾವಿರವನ್ನೂ ಒಂದರ ಮೇಲೆ ಸುರಿಯಬೇಡಿ ಅನ್ನುವುದು ಅದಕ್ಕೇ.

ಮಾಡೆಲ್‌ಗಳ ವಿಷಯಕ್ಕೆ ಬರೋಣ. ಬೆಲೆ ವಾರಕ್ಕೊಂದು ಥರ ಇರುತ್ತದೆ, ನೀವೇ ನೋಡಿಕೊಳ್ಳಿ.

ಸೋನಿ ಎಂಡಿಆರ್-7506. 1991ರಿಂದ ಇದೆ, ಇವತ್ತಿಗೂ ರೇಡಿಯೋ, ಸಿನಿಮಾ ಸೌಂಡ್‌ನವರ ಕೈಯಲ್ಲಿ ಕಾಣುತ್ತದೆ. 63 ಓಮ್ (ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ), ಹಗುರ, ಮಡಚಬಹುದು. ಮೇಲಿನ ಸ್ವರಗಳು ಸ್ವಲ್ಪ ಚುರುಕು, ಹಾಗಾಗಿ ಸಕಾರ, ಶಕಾರ, ಹಿಸ್ ಎಲ್ಲ ಎದ್ದು ಕೇಳುತ್ತವೆ. ತಪ್ಪು ಹಿಡಿಯೋಕೆ ಇದು ಒಳ್ಳೆಯದು. ಹಾಡು ಕೇಳುವ ಸುಖಕ್ಕೆ ತಗೊಳ್ಳಬೇಡಿ. ಸುರುಳಿ ವೈರ್ ಹೆಡ್‌ಫೋನಿಗೇ ಸೇರಿಕೊಂಡಿದೆ, ಬಿಚ್ಚಲಾಗುವುದಿಲ್ಲ.

ಆಡಿಯೋ-ಟೆಕ್ನಿಕಾದಲ್ಲಿ ಎಂ20ಎಕ್ಸ್, ಎಂ30ಎಕ್ಸ್, ಎಂ40ಎಕ್ಸ್, ಎಂ50ಎಕ್ಸ್ ಅಂತ ಸಾಲಾಗಿ ಇವೆ. ಎಲ್ಲರೂ ಹೊಗಳುವುದು ಎಂ50ಎಕ್ಸ್ ಅನ್ನು. 38 ಓಮ್, 45 ಮಿಲಿಮೀಟರ್ ಡ್ರೈವರ್, ಅಂದರೆ ಕಪ್ಪಿನೊಳಗಿನ ಪುಟ್ಟ ಸ್ಪೀಕರ್. ನನಗೆ ಅದರ ಬಾಸ್ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಕೆಲಸಕ್ಕೆ ಎಂ40ಎಕ್ಸ್ ಮೇಲು, 35 ಓಮ್, ಸದ್ದು ಹೆಚ್ಚು ಸಮ. ಇವೆರಡರಲ್ಲೂ ವೈರ್ ಬಿಚ್ಚಿ ಬದಲಿಸಬಹುದು. ಇದು ಸಣ್ಣ ಮಾತಲ್ಲ. ನನ್ನ ಹಳೆಯ ಹೆಡ್‌ಫೋನ್ ಒಂದರ ವೈರ್ ಮೇಲೆ ಕುರ್ಚಿಯ ಚಕ್ರ ಹತ್ತಿತ್ತು. ಟೇಕ್ ಅರ್ಧದಲ್ಲಿ ಎಡಗಿವಿ ಸತ್ತಿತು. ರೇಡಿಯೋ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದರೂ ತಲೆ ಅಲ್ಲಾಡಿಸಿದಾಗೆಲ್ಲ ಕರಕರ ಅನ್ನುತ್ತಿತ್ತು. ಎಂ20ಎಕ್ಸ್‌ನ ವೈರ್ ಬಿಚ್ಚಲಾಗುವುದಿಲ್ಲ, ಆದರೆ ಅಗ್ಗ. ಹಾಡುವವರಿಗೆ ಅದು ಧಾರಾಳ ಸಾಕು.

ಬೇಯರ್‌ಡೈನಮಿಕ್ ಡಿಟಿ 770 ಪ್ರೊ. ಜರ್ಮನಿಯದು. ಮೆತ್ತನೆಯ ವೆಲ್ವೆಟ್ ಥರದ ಪ್ಯಾಡ್, ಕಪ್ ದೊಡ್ಡದು. ಮೂರು ಗಂಟೆ ಹಾಕಿಕೊಂಡರೂ ತಲೆ ನೋಯುವುದಿಲ್ಲ, ಕನ್ನಡಕದವರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಿಮ್ಮ ಬಜೆಟ್ ದಾಟಬಹುದು. ಮೇಲಿನ ಸ್ವರಗಳು ಸ್ವಲ್ಪ ಚುಚ್ಚುತ್ತವೆ. ಇದು 32, 80, 250 ಓಮ್ ಅಂತ ಮೂರು ಬಗೆಯಲ್ಲಿ ಸಿಗುತ್ತದೆ. ಜನ ಎಡವುವುದು ಇಲ್ಲೇ. ಓಮ್ ಜಾಸ್ತಿ ಇದ್ದರೆ ಕ್ವಾಲಿಟಿ ಜಾಸ್ತಿ ಅಂದುಕೊಂಡು 250 ತಗೊಳ್ಳುತ್ತಾರೆ. ಇಂಟರ್‌ಫೇಸ್ ಅಷ್ಟೇ ವೋಲ್ಟೇಜ್ ಕೊಟ್ಟಾಗ 80 ಓಮಿಗೆ ಹೋಗುವ ಪವರಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 250 ಓಮಿಗೆ ಸಿಗುತ್ತದೆ. ಯುಎಸ್‌ಬಿ ಕರೆಂಟಿನಲ್ಲೇ ಓಡುವ ಪುಟ್ಟ ಇಂಟರ್‌ಫೇಸಿನಲ್ಲಿ ನಾಬ್ ಕೊನೆಯವರೆಗೆ ತಿರುಗಿಸಿದರೂ ಸಾಲದು ಅನ್ನಿಸಬಹುದು. ನಿಮ್ಮದಕ್ಕೆ 80 ಓಮ್ ಸಾಕು.

ಸೆನ್‌ಹೈಸರ್ ಎಚ್‌ಡಿ 280 ಪ್ರೊ, 64 ಓಮ್. ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ತಡೆಯುತ್ತದೆ ಅಂತ ಕಂಪನಿಯೇ ಹೇಳುತ್ತದೆ. ತಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕನ್ನಡಕದವರಿಗೆ ಅರ್ಧ ಗಂಟೆಗೇ ಬೇಜಾರಾಗುತ್ತದೆ. ಆದರೆ ತಮಟೆ ರೆಕಾರ್ಡ್ ಮಾಡುವುದಿದ್ದರೆ ಇಂಥದ್ದೇ ಬೇಕು. ತಮಟೆಗೆ 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪನವರ ಪಿಂಡಿಪಾಪನಹಳ್ಳಿ ನಿಮ್ಮ ತಾಲೂಕೇ ಅಲ್ವಾ, ಇವತ್ತಲ್ಲ ನಾಳೆ ನಿಮ್ಮ ಹತ್ತಿರ ತಮಟೆಯವರು ಬಂದೇ ಬರುತ್ತಾರೆ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆ ಸಣ್ಣ ರೂಮಿನಲ್ಲಿ ಬಾರಿಸಿದರೆ ಎದೆಗೇ ಬಡಿಯುತ್ತದೆ. ಆ ಸದ್ದನ್ನು ಮೀರಿಸಲು ಹೆಡ್‌ಫೋನ್ ವಾಲ್ಯೂಮ್ ಏರಿಸುತ್ತಾ ಹೋದರೆ ಕೆಡುವುದು ನಿಮ್ಮ ಕಿವಿ. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಲೆಕ್ಕ. 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಕಾಲು ಗಂಟೆ, ಅಷ್ಟೇ. ಸಾಧ್ಯವಾದರೆ ನೀವು ಪಕ್ಕದ ರೂಮಿಗೆ ಹೋಗಿ ಕೂತುಬಿಡಿ, ವೈರ್ ಬಾಗಿಲ ಸಂದಿಯಲ್ಲಿ ಬರಲಿ.

ಬ್ಲೂಟೂತ್ ಹೆಡ್‌ಫೋನ್ ಮನೆಯಲ್ಲಿದೆ, ಅದಾಗುತ್ತಾ ಅಂತ ಯಾರಾದರೂ ಕೇಳಿದರೆ ಬೇಡ ಅನ್ನಿ. ಸದ್ದು ಕಿವಿಗೆ ತಲುಪುವಷ್ಟರಲ್ಲಿ ಹಾಡುವವರು ಮುಂದಿನ ಅಕ್ಷರದಲ್ಲಿರುತ್ತಾರೆ. ವೈರ್ ಇದ್ದರೂ ಹಾಡುವವರ ದನಿಯನ್ನು ಕಂಪ್ಯೂಟರ್ ಸುತ್ತಿಸಿ ತರಬೇಡಿ. ಕಂಪ್ಯೂಟರ್ ಸದ್ದನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟು ಕಳಿಸುತ್ತದೆ, ಅದಕ್ಕೆ ಬಫರ್ ಅನ್ನುತ್ತಾರೆ. 256 ಸ್ಯಾಂಪಲ್ ಬಫರ್, 48 ಕಿಲೋಹರ್ಟ್ಸ್ ಅಂದರೆ ಒಂದು ಕಡೆಗೇ 5 ಮಿಲಿಸೆಕೆಂಡ್ ಮೇಲೆ ತಡ. ಹೋಗಿ ಬರುವಾಗ ಅದು ಎರಡರಷ್ಟಾಗುತ್ತದೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಬಟನ್ ಇದ್ದರೆ ಒತ್ತಿ, ದನಿ ಆಗಿಂದಾಗಲೇ ಕೇಳುತ್ತದೆ.

ಹಾಡುವವರು ಒಂದು ಕಪ್ ತೆಗೆದು ಕಿವಿಯ ಹಿಂದೆ ಇಟ್ಟುಕೊಳ್ಳುವುದನ್ನು ನೋಡಿಯೇ ಇರುತ್ತೀರಿ. ಎರಡೂ ಕಿವಿ ಮುಚ್ಚಿದರೆ ತಮ್ಮ ದನಿ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ, ಶ್ರುತಿ ಸಿಗಲ್ಲ ಅನ್ನುತ್ತಾರೆ. ಬೈಯಬೇಡಿ, ಅವರು ಹೇಳುವುದು ನಿಜ. ಆದರೆ ಹಾಗೆ ತೆಗೆದಿಟ್ಟ ಕಪ್ ಸೀದಾ ಮೈಕಿಗೆ ಊದುತ್ತಿರುತ್ತದೆ. ಎಷ್ಟು ದುಬಾರಿ ಕ್ಲೋಸ್ಡ್ ಬ್ಯಾಕ್ ಇದ್ದರೂ ಅಷ್ಟೇ. ಕ್ಲಿಕ್ಕನ್ನೂ ಶ್ರುತಿಯನ್ನೂ ಕಿವಿ ಮೇಲಿರುವ ಕಪ್ಪಿನ ಕಡೆಗೆ ಪೂರ್ತಿ ಪ್ಯಾನ್ ಮಾಡಿ, ಇನ್ನೊಂದು ಕಪ್ ಮೌನವಾಗಿರಲಿ. ಅಜ್ಜಿಯ ಹಾಡನ್ನು ಕೊನೆಗೆ ಮುಗಿಸಿದ್ದು ಹೀಗೆಯೇ, ಗೆಳೆಯನ ಹತ್ತಿರ ತಂದ ಒಂದು ಮಾಮೂಲಿ ಕ್ಲೋಸ್ಡ್ ಬ್ಯಾಕ್‌ನಲ್ಲಿ. ಟಿಕ್ ಟಿಕ್ ಬದಲು ತಾಳಕ್ಕೆ ಮೃದಂಗದ ಲೂಪ್ ಹಾಕಿದೆ. ಚೂರು ಸೋರಿದರೂ ಹಾಡಿನೊಳಗೆ ಕರಗಿಹೋಗುತ್ತದೆ. ಭಜನೆಯವರಿಗೂ ಕ್ಲಿಕ್‌ಗಿಂತ ಅದೇ ಹಿತ.

ಮಿಕ್ಸಿಂಗ್? ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಮುಚ್ಚಿದ ಕಪ್ಪಿನೊಳಗೆ ಬಾಸ್ ಎಷ್ಟಿದೆ ಅನ್ನುವುದನ್ನು ನಂಬುವ ಹಾಗಿಲ್ಲ. ಎಡ ಬಲ ಎರಡೂ ನೇರ ಕಿವಿಗೇ ಬೀಳುವುದರಿಂದ ಎಲ್ಲವೂ ಬೇರೆ ಬೇರೆಯಾಗಿ ಚೆನ್ನಾಗಿ ಕೇಳುತ್ತದೆ, ಸ್ಪೀಕರಿಗೆ ಹಾಕಿದಾಗ ಒಂದರ ಮೇಲೊಂದು ಬಿದ್ದಿರುತ್ತವೆ. ಮಿಕ್ಸ್ ಮುಗಿದ ಮೇಲೆ ಒಮ್ಮೆ ಮೋನೋ ಮಾಡಿ, ಅಂದರೆ ಎಡ ಬಲ ಒಂದೇ ಮಾಡಿ ಕೇಳಿ. ಆಮೇಲೆ ಮೊಬೈಲ್ ಸ್ಪೀಕರ್, ಆಮೇಲೆ ಯಾರದ್ದಾದರೂ ಕಾರು. ಭಜನೆ ಹಾಡಾದರೆ ಕೊನೆಗೆ ಅದು ದೇವಸ್ಥಾನದ ಹಾರ್ನ್ ಸ್ಪೀಕರಿನಲ್ಲಿ ಬೆಳಗ್ಗೆ ಐದಕ್ಕೆ ಕೂಗಬೇಕು, ಅಲ್ಲಿ ಬಾಸ್ ಅನ್ನುವುದು ಇಲ್ಲವೇ ಇಲ್ಲ. ಸುಮ್ನೆ ಬಾಸ್ ಮೇಲೆ ಎರಡು ದಿನ ಕಳೆಯಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ನನಗೆ ಎಂ40ಎಕ್ಸ್, ಹಾಡುವವರಿಗೆ ಎಂ20ಎಕ್ಸ್ ತಗೊಳ್ಳುತ್ತಿದ್ದೆ. ಎರಡೂ ಒಟ್ಟಿಗೆ ಹತ್ತು ಸಾವಿರ ದಾಟಿದರೆ ಮೊದಲು ಒಂದು, ಎರಡು ತಿಂಗಳು ಬಿಟ್ಟು ಇನ್ನೊಂದು. ಅರ್ಧ ಬೆಲೆಗೆ ಯಾರಾದರೂ ಕೊಡುತ್ತೇನೆ ಅಂದರೆ ಹೋಗಬೇಡಿ. ನಾನು ಹೋಗಿದ್ದೆ. ಡಬ್ಬ, ಸ್ಟಿಕ್ಕರ್ ಎಲ್ಲ ಅಸಲಿನಂತೆಯೇ ಇತ್ತು, ಒಳಗಿನ ಸದ್ದು ಮಾತ್ರ ಡಬ್ಬದ್ದು. ಬಿಲ್ಲು, ವಾರಂಟಿ ಕೊಡುವವರ ಹತ್ತಿರವೇ ತಗೊಳ್ಳಿ. ಬೆಂಗಳೂರಿಗೆ ಹೋಗುವುದಿದ್ದರೆ ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಹತ್ತು ನಿಮಿಷ ತಲೆಗಿಟ್ಟು ನೋಡಿ. ಎರಡು ನಿಮಿಷಕ್ಕೆ ಎಲ್ಲವೂ ಹಿತವಾಗಿಯೇ ಇರುತ್ತದೆ.

ಮನೆಗೆ ತಂದ ದಿನವೇ ಒಂದು ಪರೀಕ್ಷೆ ಮಾಡಿ. ಮನೆಯವರೊಬ್ಬರ ತಲೆಗೆ ಹೆಡ್‌ಫೋನ್ ಹಾಕಿ. ಬರೀ ಮೇಜಿನ ಮೇಲೆ ಇಟ್ಟು ನೋಡಿದರೆ ಲೆಕ್ಕಕ್ಕಿಲ್ಲ. ಹಾಡುವಾಗ ಇಡುವಷ್ಟೇ ದೂರದಲ್ಲಿ ಮೈಕ್ ಇಡಿ, ಹಾಡಿಗೆ ಇಡುವಷ್ಟೇ ಗೇನ್ (ಮೈಕಿನ ಸದ್ದು ಏರಿಸುವ ನಾಬ್) ಇಡಿ. ಕ್ಲಿಕ್ ಬಿಟ್ಟು ಅವರನ್ನು ಸುಮ್ಮನೆ ಕೂರಿಸಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ವಾಲ್ಯೂಮ್ ಏರಿಸಿ ಕೇಳಿ. ಹಲ್ಲಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮತ್ತೆ ಆ 6.3 ಮಿಲಿಮೀಟರ್ ಅಡಾಪ್ಟರ್ ಇನ್ನೊಂದು ತಂದಿಟ್ಟುಕೊಳ್ಳಿ. ಕಳೆದುಹೋಗುವುದು ಯಾವಾಗಲೂ ಅದೇ, ಅದೂ ತಂಡದವರು ಮೆಟ್ಟಿಲು ಹತ್ತಿ ಬರುವಾಗಲೇ.